ಅಕ್ಕನ ಕಾಲು ಏಳುವ ಹೊತ್ತು

ಆ ಮನೆಯಲ್ಲಿ ಏಟು ಬೀಳುತ್ತಿದ್ದದ್ದು ಬೆಳಿಗ್ಗೆ.

ಗಂಡಸರು ಸಂಜೆ ಕುಡಿದು ಬಂದು ಹೆಂಡತಿಯ ಮೇಲೆ ಕೈ ಮಾಡುವುದನ್ನು ಎಲ್ಲರೂ ಕಂಡಿದ್ದಾರೆ. ಈ ಮನೆಯ ಯಜಮಾನ ಕುಡಿಯುವವನಲ್ಲ. ಮುಖ ತೊಳೆದು, ತಲೆ ಬಾಚಿ, ಗರಿಗರಿಯಾದ ಶರ್ಟು ತೊಟ್ಟು, ಅದರ ತೋಳನ್ನು ಸುಕ್ಕಾಗದ ಹಾಗೆ ಮೊಣಕೈವರೆಗೆ ಮಡಚಿಕೊಂಡು ಹೊಡೆಯುತ್ತಿದ್ದ. ಹೊಡೆದು ಮುಗಿದ ಮೇಲೆ ತೋಳು ಬಿಚ್ಚಿ ಗುಂಡಿ ಹಾಕಿಕೊಂಡು ಟೀ ಕುಡಿಯುತ್ತಿದ್ದ.

ಗೋಡೆಯ ಈಚೆಯ ಕೋಣೆಯಲ್ಲಿ ಅವನ ಅಕ್ಕ ಮಲಗಿದಲ್ಲೇ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಕೆನ್ನೆಗೆ ಬಿದ್ದದ್ದು ಯಾವುದು, ಬೆನ್ನಿಗೆ ಬಿದ್ದದ್ದು ಯಾವುದು, ಪಾತ್ರೆ ಉರುಳಿದ್ದು ಕೈತಪ್ಪಿಯೋ ಎಸೆದಿದ್ದಕ್ಕೋ ಎಂದು ಅವಳಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು. ಏಳಬೇಕೆಂದರೆ ಕಾಲಿಲ್ಲ. ಇರಲಿಲ್ಲವೆಂದಲ್ಲ, ಹೊದಿಕೆಯ ಆ ತುದಿಯಲ್ಲಿ ಎರಡೂ ಇದ್ದವು. ಆದರೆ ಬೆಳಗಿನ ಹೊತ್ತು ಅವು ಅವಳವಾಗಿರಲಿಲ್ಲ. ರಾತ್ರಿಯೆಲ್ಲ ಯಾರೋ ಬೆರಳುಗಳ ಸಂದಿಗೆ ಸಿಮೆಂಟು ಸುರಿದು ಹೋದ ಹಾಗೆ ಗಟ್ಟಿಯಾಗಿ, ಬಾತುಕೊಂಡು, ಕೆಂಪಗೆ ಬಿದ್ದಿರುತ್ತಿದ್ದವು. ಡಾಕ್ಟರು ಇದು ಸಂಧಿವಾತ ಅಂದಿದ್ದರು. ಮಾತ್ರೆ ನುಂಗಿದರೆ ಹಿಡಿತದಲ್ಲಿರುತ್ತದೆ, ಪೂರ್ತಿ ಬಿಟ್ಟು ಹೋಗುವುದಿಲ್ಲ, ಇದರ ಜೊತೆಗೇ ಸಂಸಾರ ಮಾಡಿಕೊಂಡು ಹೋಗಬೇಕು ಅಂದಿದ್ದರು.

"ಮದುವೆ ಬೇಡ ಅಂತ ಹಠ ಹಿಡಿದ್ರಂತಲ್ಲ ಅತ್ತಿಗೆ," ಎಂದಿದ್ದಳು ತಮ್ಮನ ಹೆಂಡತಿ ಆಗ. "ನೋಡಿ, ಕೊನೆಗೂ ಸಂಸಾರ ಕಟ್ಕೊಂಡ್ರಿ. ಗಂಡ ಎಂಥವನಾದ್ರೂ ರಾತ್ರಿ ನಿದ್ದೆ ಮಾಡ್ತಾನೆ. ಇದು ಅದನ್ನೂ ಮಾಡಲ್ಲ."

ಹಾಗೆ ಬಾಯಿ ತುಂಬ ಮಾತಾಡುತ್ತಿದ್ದುದಕ್ಕೇ ಅವಳಿಗೆ ಮೈನಾ ಎಂಬ ಹೆಸರು ಬಿದ್ದಿತ್ತು. ಕೆಳಗೆ ಲಾಂಡ್ರಿ, ಮೇಲೆ ಮನೆ. ಲಾಂಡ್ರಿಯ ಕೆಲಸದವರೂ ಅವಳನ್ನು ಮೈನಕ್ಕ ಎಂದೇ ಕರೆಯುತ್ತಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಮಾತು ಒಗೆಯುವ ಯಂತ್ರದ ಗದ್ದಲವನ್ನೂ ಮೀರಿ ಬೀದಿಗೆ ಕೇಳಿಸುತ್ತಿತ್ತು. ಈಗ ಅತ್ತಿಗೆಯ ಕೋಣೆಯಲ್ಲಿ ಮಾತ್ರ ಬಾಯಿ ಬಿಡುತ್ತಿದ್ದಳು.

ಒಂದು ಬೆಳಿಗ್ಗೆ ಗೋಡೆಯಾಚೆ ತಲೆ ಬಡಿದ ಸದ್ದಾಯಿತು. ಬೇರೆ ಸದ್ದುಗಳನ್ನು ಹಲ್ಲು ಕಚ್ಚಿ ಕೇಳಿಸಿಕೊಂಡಿದ್ದ ಅಕ್ಕನಿಗೆ ಇದನ್ನು ತಡೆಯಲಾಗಲಿಲ್ಲ. ಹೊದಿಕೆ ಎಸೆದು, ಎರಡೂ ಕಾಲನ್ನು ಕೈಯಿಂದಲೇ ಎತ್ತಿ ಮಂಚದಿಂದ ಇಳಿಬಿಟ್ಟು, ಉಸಿರು ಬಿಗಿಹಿಡಿದು ಎದ್ದಳು. ಅಂಗಾಲು ನೆಲಕ್ಕೆ ತಾಗಿದ್ದೇ ತಡ, ಗಾಜಿನ ಚೂರಿನ ಮೇಲೆ ನಿಂತ ಹಾಗಾಯಿತು. ಒಂದು ಹೆಜ್ಜೆಯೂ ಆಗಲಿಲ್ಲ, ದೊಪ್ಪನೆ ಬಿದ್ದಳು.

ಗೋಡೆಯಾಚೆ ಎಲ್ಲ ನಿಂತುಹೋಯಿತು. ತಮ್ಮ ಓಡಿ ಬಂದ.

"ಯಾಕಕ್ಕ ಎದ್ದೆ? ನಿನಗೆ ಗೊತ್ತಿಲ್ವಾ ನಿನ್ನ ಕಾಲು?" ಎನ್ನುತ್ತ ಅವಳ ಕಂಕುಳಿಗೆ ಕೈ ಹಾಕಿ, ಮೊಟ್ಟೆ ಎತ್ತುವ ಹಾಗೆ ಎತ್ತಿ ಮಂಚದ ಮೇಲೆ ಮಲಗಿಸಿದ. ಕಾಲಿನ ಕೆಳಗೆ ದಿಂಬು ಇಟ್ಟ. ಅವನ ಬೆರಳ ಗೆಣ್ಣುಗಳು ಸುಲಿದಿದ್ದವು. "ಏನು ಬೇಕಿದ್ರೂ ಕರೀಬಾರ್ದಾ? ನಾನಿಲ್ವಾ?"

"ಅವಳನ್ನ ಬಿಡೋ," ಎಂದಳು ಅಕ್ಕ. ಅವಳಿಗೆ ಏದುಸಿರು. "ಸಾಯ್ತಾಳೆ ಕಣೋ."

"ಯಾರನ್ನ? ಏನೂ ಇಲ್ಲ, ಪಾತ್ರೆ ಬಿತ್ತು." ಮಡಚಿದ್ದ ತೋಳನ್ನು ಬಿಚ್ಚುತ್ತ ಹೊರಗೆ ಹೋದ.

ತಾಯಿ ಸತ್ತಾಗ ಈ ತಮ್ಮ ತೊದಲು ಮಾತಿನ ಕೂಸು. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅಕ್ಕ ಊರ ಬಟ್ಟೆ ಒಗೆದಿದ್ದಳು, ಒಗೆದೂ ಒಗೆದೂ ಲಾಂಡ್ರಿ ಮಾಡಿದ್ದಳು. ಜಗತ್ತಿನಲ್ಲಿ ಅವನು ಹೆದರುವುದು ಅವಳೊಬ್ಬಳಿಗೇ ಎಂದು ಕೆಲಸದವರೆಲ್ಲ ಹೇಳುತ್ತಿದ್ದರು. ಅದು ನಿಜವೂ ಹೌದು. ಬಿಸಿಲೇರುವ ಹೊತ್ತಿಗೆ ಅವಳ ಕಾಲಿಗೆ ಜೀವ ಬರುತ್ತಿತ್ತು. ಆಮೇಲೆ ಬೆರಳ ಕಡೆ ಕತ್ತರಿಸಿ ಬಾಯಿ ಬಿಡಿಸಿದ ಗಂಡಸರ ಬೂಟು ಹಾಕಿಕೊಂಡು, ಕಂಬಿ ಹಿಡಿದು ಕೆಳಗಿಳಿದು, ಮಡಿಸಿದ ಕಂಬಳಿಯ ಮೇಲೆ ನಿಂತು ಇಸ್ತ್ರಿ ಮೇಜಿಗೆ ಬಂದಳೆಂದರೆ ಅವಳೇ ಯಜಮಾನಿ. ಅವಳ ಎದುರು ತಮ್ಮ ತನ್ನ ಹೆಂಡತಿಗೆ ಏರಿದ ದನಿಯಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ. ಬೈದರೆ ತಲೆ ತಗ್ಗಿಸುತ್ತಿದ್ದ. "ಇನ್ಮೇಲೆ ಇಲ್ಲ ಅಕ್ಕ," ಎನ್ನುತ್ತಿದ್ದ. ಅಕ್ಕ ನಂಬುತ್ತಿದ್ದಳು. ಮಾರನೆಯ ಬೆಳಿಗ್ಗೆ ಗೋಡೆಯಾಚೆ ಮತ್ತೆ ಶುರುವಾಗುತ್ತಿತ್ತು.

ಅವನು ಹೋದ ಸ್ವಲ್ಪ ಹೊತ್ತಿಗೆ ಮೈನಾ ಬಿಸಿನೀರಿನ ಬೋಗುಣಿ ಹಿಡಿದು ಬಂದಳು. ಹಣೆಯ ಒಂದು ಕಡೆ ಉಬ್ಬಿತ್ತು. ನೆಲದ ಮೇಲೆ ಕೂತು, ನೀರಿಗೆ ಕಲ್ಲುಪ್ಪು ಹಾಕಿ ಕಲಕಿ, ಮೊಣಕೈ ಅದ್ದಿ ಬಿಸಿ ನೋಡಿ, ಅತ್ತಿಗೆಯ ಕಾಲುಗಳನ್ನು ಒಂದೊಂದಾಗಿ ಒಳಗಿಟ್ಟಳು.

"ದೊಡ್ಡ ಸಾಹೇಬ್ರು ಪರವಾಗಿಲ್ಲ," ಎಂದಳು, ಬಲಗಾಲಿನ ಹಿಮ್ಮಡಿ ಒತ್ತುತ್ತ. ಅವಳ ಬಾಯಲ್ಲಿ ಬಲಗಾಲು ದೊಡ್ಡ ಸಾಹೇಬ್ರು, ಎಡಗಾಲು ಚಿಕ್ಕ ಸಾಹೇಬ್ರು. "ಚಿಕ್ಕ ಸಾಹೇಬ್ರು ಇವತ್ತು ಗರಂ ಆಗಿದ್ದಾರೆ. ಏನು ಸಾಹೇಬ್ರೇ, ಯಾರು ಎದುರು ಮಾತಾಡಿದ್ರು?"

"ನಗಬೇಡ ಕಣೇ. ಹಣೆಗೆ ಏನಾದ್ರೂ ಹಚ್ಕೋ."

"ಹಣೆ ಎಲ್ಲಿ ಓಡಿ ಹೋಗುತ್ತೆ? ಮೊದಲು ಇವರು."

ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಪಾದವನ್ನು ಅಂಗೈಯಲ್ಲಿಟ್ಟುಕೊಂಡು, ಬೀಗಕ್ಕೆ ಹಳೆಯ ಕೀಲಿ ತಿರುಗಿಸುವ ಹಾಗೆ, ಸಿಕ್ಕಷ್ಟೇ ತಿರುಗಿಸಿ ನಿಲ್ಲಿಸಿ, ಮತ್ತೆ ತಿರುಗಿಸಿದಳು. ಒರೆಸಿದ ಮೇಲೆ ಹೊಲಿಗೆ ಚರ್ಮಕ್ಕೆ ಒತ್ತದಿರಲೆಂದು ಕಾಲುಚೀಲವನ್ನು ಒಳಹೊರಗು ಮಾಡಿ ತೊಡಿಸಿದಳು. ಇಷ್ಟೂ ಆಗದೆ ಅಕ್ಕ ನೆಲ ಮುಟ್ಟುವ ಹಾಗಿರಲಿಲ್ಲ. ಮೊಣಕಾಲೂ ಹಿಡಿದುಕೊಂಡಿದ್ದರಿಂದ ಅವಳ ಕೈ ಅವಳ ಪಾದವನ್ನು ತಲುಪುತ್ತಲೇ ಇರಲಿಲ್ಲ.

ಅದೇ ದಿನ ಮಧ್ಯಾಹ್ನ, ಇಸ್ತ್ರಿ ಮೇಜಿನ ಕೆಳಗಿನಿಂದ ಒಂದು ಪ್ರಶ್ನೆ ಬಂತು.

ಮೇಜಿನ ಕೆಳಗೆ ತಮ್ಮನ ಮಗಳು ಕೂತಿದ್ದಳು. ಒಗೆಯುವಾಗ ಕಿತ್ತುಬಂದ ಗುಂಡಿಗಳನ್ನೆಲ್ಲ ಹೆಕ್ಕಿ ಡಬ್ಬಿ ತುಂಬಿಸುತ್ತಿದ್ದ ಅವಳನ್ನು ಎಲ್ಲರೂ ಬಟನ್ ಎಂದೇ ಕರೆಯುತ್ತಿದ್ದರು.

"ಅತ್ತೆ, ನಿಮ್ಮ ಕಾಲು ಮಧ್ಯಾಹ್ನ ಇರೋ ಹಾಗೆ ಬೆಳಿಗ್ಗೆ ಯಾಕಿರಲ್ಲ?"

"ಅದರ ಜಾತಕ ಹಾಗೆ, ಪುಟ್ಟಿ. ಯಾಕೆ?"

"ಬೆಳಿಗ್ಗೇನೂ ಹೀಗೇ ಇದ್ದಿದ್ರೆ ಅಪ್ಪ ಹೊಡೀತಿರ್ಲಿಲ್ಲ." ಬಟನ್ ಎರಡು ಗುಂಡಿಗಳನ್ನು ಒಂದಕ್ಕೊಂದು ಹೊಂದಿಸಿ ನೋಡುತ್ತಿದ್ದಳು. "ಅಪ್ಪ ಮೊದಲು ನಿಮ್ಮ ಬಾಗಿಲ ಹತ್ರ ನಿಂತು ನೋಡ್ತಾರೆ. ನೀವು ಮಲಗಿದ್ರೆ ಅಡುಗೆಮನೆಗೆ ಬಂದು ತೋಳು ಮಡಚ್ತಾರೆ. ಅವತ್ತು ನಿಮಗೆ ಕೆಮ್ಮು ಬಂದು ಎದ್ದು ಕೂತಿದ್ರಲ್ಲ, ಅವತ್ತು ಸುಮ್ನೆ ಟೀ ಕುಡಿದು ಹೋದ್ರು."

ಅಕ್ಕನ ಇಸ್ತ್ರಿ ಪೆಟ್ಟಿಗೆ ನಿಂತಲ್ಲೇ ನಿಂತಿತು. ಯಾರದೋ ಬಿಳಿ ಶರ್ಟಿನ ಎದೆಯ ಮೇಲೆ ಅದರ ಮುಖ ಕಂದುಬಣ್ಣದಲ್ಲಿ ಅಚ್ಚೊತ್ತುವವರೆಗೆ ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಸುಟ್ಟ ವಾಸನೆಗೆ ಒಗೆಯುವ ನೊರೆಯಮ್ಮ ಆ ಕಡೆಯಿಂದ ಕೂಗಿಕೊಂಡಳು: "ಯಜಮಾನೀ, ಶರ್ಟು!"

ಇಷ್ಟು ವರ್ಷ ಅಕ್ಕ ತನ್ನ ಕಾಯಿಲೆ ತನ್ನ ಕಾಲಿಗೆ ಮಾತ್ರ ಬಂದದ್ದು ಎಂದುಕೊಂಡಿದ್ದಳು. ಬೆಳಗಿನ ಕೋಪ ಅವನ ಸ್ವಭಾವ, ಬೆಳಗಿನ ನೋವು ತನ್ನ ಹಣೆಬರಹ, ಎರಡೂ ಒಂದೇ ಹೊತ್ತಿಗೆ ಬರುವುದು ಕಾಕತಾಳೀಯ ಅಂದುಕೊಂಡಿದ್ದಳು. ಅದು ಕೋಪವೇ ಅಲ್ಲ. ಕೋಪಕ್ಕೆ ಹೊತ್ತುಗೊತ್ತು ಎಲ್ಲಿದೆ? ಅವನು ತನ್ನ ಕಾಲನ್ನು ನೋಡಿಕೊಂಡು ಹೊಡೆಯುತ್ತಿದ್ದ.

ಅಂದು ಸಂಜೆ ಮೈನಾಳನ್ನು ಕೋಣೆಗೆ ಕರೆದು ಬಾಗಿಲು ಹಾಕಿಸಿದಳು.

"ಬಟನ್‌ನ ಕರ್ಕೊಂಡು ನಿನ್ನ ಅಕ್ಕನ ಊರಿಗೆ ಹೋಗಿಬಿಡು. ಅವಳು ಕರೀತಾನೇ ಇದ್ದಾಳಲ್ಲ."

"ಹೋಗಬಹುದಿತ್ತು," ಎಂದಳು ಮೈನಾ, ಸಲೀಸಾಗಿ, ಬಹಳ ಸಲ ಯೋಚಿಸಿ ಮುಗಿಸಿದವಳ ಹಾಗೆ. "ಬೆಳಿಗ್ಗೆ ನಿಮ್ಮನ್ನ ಯಾರು ಎಬ್ಬಿಸ್ತಾರೆ? ಅವರಾ?"

"ನೊರೆಯಮ್ಮ ಬರ್ತಾಳೆ."

"ನೊರೆಯಮ್ಮ ಬೆಡ್‌ಶೀಟು ಹಿಂಡೋ ಹಾಗೆ ಹಿಂಡ್ತಾಳೆ ನಿಮ್ಮ ಕಾಲನ್ನ. ಬೇಡ ಬಿಡಿ ಅತ್ತಿಗೆ. ಮೊನ್ನೆ ಅವರೇ ಹೇಳಿದ್ರು. ಅಕ್ಕನ ಕಾಲು ಹೀಗಿರೋವರೆಗೂ ನೀನು ಹೊಸಿಲು ದಾಟಲ್ಲ, ನನಗೆ ಗೊತ್ತು ಅಂತ. ನಗ್ತಾ ಹೇಳಿದ್ರು."

ಅಕ್ಕ ತನ್ನ ಕಾಲನ್ನು ಒಮ್ಮೆ ನೋಡಿದಳು. ಅವನಿಗೆ ಇದು ಒಂದೇ ಕೆಲಸಕ್ಕೆ ಬರುತ್ತದೆ ಎಂದುಕೊಂಡಿದ್ದಳು, ಅವನು ಅದನ್ನು ಎರಡು ಕೆಲಸಕ್ಕೆ ಇಟ್ಟುಕೊಂಡಿದ್ದ. ತಡೆಯಲು ಬಾರದ ಕಾಲೂ ಇದೇ, ಮೈನಾಳನ್ನು ಕಟ್ಟಿಹಾಕಿದ ಕಾಲೂ ಇದೇ.

ಮೈನಾ ಒಪ್ಪಿದ್ದು ಅದಾದ ನಾಲ್ಕಾರು ದಿನಕ್ಕೆ. ಆ ಬೆಳಿಗ್ಗೆ ಬಟನ್ ಅತ್ತೆಯ ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದು ಅಮ್ಮನ ಮುಂದೆ ನಿಂತಳಂತೆ. ಅಕ್ಕನಿಗೆ ಕೇಳಿಸಿದ್ದು ಇಷ್ಟೇ: "ಅಮ್ಮನ್ನ ಮುಟ್ಟಬೇಡಿ!" ಎಂಬ ಪುಟ್ಟ ದನಿ, ಮರ ಮುರಿದ ಸದ್ದು, ಆಮೇಲೆ ಒಂದು ಚೀರಾಟ. ಅರ್ಧಕ್ಕೇ ಉಸಿರು ಸಿಕ್ಕಿಕೊಂಡ ಚೀರಾಟ. ಅಕ್ಕ ಈ ಸಲ ಏಳಲು ಹೋಗಲಿಲ್ಲ. ಮಂಚದಿಂದ ಉರುಳಿ, ಮೊಣಕೈ ಊರಿ ತೆವಳಿ ಬಾಗಿಲಿಗೆ ಬಂದಳು. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಅವಳ ಮುಂಗೈ ಕಣ್ಣೆದುರೇ ಬಾತುಕೊಳ್ಳುತ್ತಿತ್ತು.

"ನೆಲ ತಣ್ಣಗಿದೆ ಅಕ್ಕ, ಏಳು," ಎಂದ ತಮ್ಮ.

ಆಸ್ಪತ್ರೆಯಿಂದ ಮಗಳ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದ ಮೈನಾ ಆ ಮಧ್ಯಾಹ್ನ ಅತ್ತಿಗೆಗೆ ಮಾತ್ರೆ ಕೊಡುವಾಗ ಕೇಳಿದ್ದು ಒಂದೇ ಮಾತು: "ಯಾವಾಗ?"

ಹೊರಗೆ ಹೋಗಲು ಆ ಮನೆಗೆ ದಾರಿ ಒಂದೇ. ಮೆಟ್ಟಿಲಿಳಿದು ಲಾಂಡ್ರಿಯ ಒಳಗಿಂದಲೇ ಹೋಗಬೇಕು. ಹಗಲೆಲ್ಲ ತಮ್ಮ ಬಾಗಿಲಲ್ಲೇ ಮೇಜು ಹಾಕಿಕೊಂಡು ಕೂತಿರುತ್ತಾನೆ. ರಾತ್ರಿ ಶಟರಿಗೆ ಬೀಗ, ಕೀಲಿ ಅವನ ದಿಂಬಿನ ಕೆಳಗೆ. ಬೆಳಗಾಗುತ್ತಲೇ ಹೋಟೆಲಿನ ವ್ಯಾನು ಬರುತ್ತದೆ. ಒಗೆದ ಶೀಟುಗಳ ಗಂಟು ತುಂಬಿಸಿ ಕಳಿಸಿ, ಶಟರನ್ನು ಅರ್ಧ ಎಳೆದು ಅವನು ಮೇಲೆ ಬರುತ್ತಾನೆ. ಕೆಲಸದವರು ಬರುವವರೆಗೆ ಬಾಗಿಲಿಗೆ ಬೀಗವೂ ಕಾವಲೂ ಇಲ್ಲದ ಹೊತ್ತು ಅದೊಂದೇ. ಅವನು ತೋಳು ಮಡಚುವ ಹೊತ್ತೂ ಅದೇ.

"ಆಗ ಅವರು ಮೇಲಿರ್ತಾರಲ್ಲ," ಎಂದಳು ಮೈನಾ. "ಅವರನ್ನ ಯಾರು ಹಿಡ್ಕೋತಾರೆ?"

"ನಾನು."

ಮೈನಾ ಕಾಲು ನೋಡಿದಳು, ಮುಖ ನೋಡಿದಳು. "ಬೆಳಿಗ್ಗೆನಾ?"

"ಇವು ಮಲಗಿದ್ರೆ ತಾನೇ ಹಿಡ್ಕೊಳ್ಳೋದು? ಮಲಗೋಕೇ ಬಿಡಲ್ಲ."

ಆ ರಾತ್ರಿ ಅಕ್ಕ ಹಾಸಿಗೆಗೆ ಬೆನ್ನು ಕೊಡಲಿಲ್ಲ. ಕುರ್ಚಿಯಲ್ಲಿ ಕೂತು ಕಾಲಡಿ ಬಾಟಲಿ ಉರುಳಿಸಿದಳು, ಗೋಡೆ ಹಿಡಿದು ಕೋಣೆಯ ಉದ್ದಕ್ಕೆ ನಡೆದಳು, ಕೂತಳು, ಮತ್ತೆ ನಡೆದಳು. ಕಿಟಕಿ ಬೆಳ್ಳಗಾಗುವಾಗ ಕಾಲುಗಳು ಬೆಂಕಿಯ ಹಾಗೆ ಉರಿಯುತ್ತಿದ್ದವು, ಆದರೆ ಕಲ್ಲಾಗಿರಲಿಲ್ಲ. ಕತ್ತರಿಸಿದ ಬೂಟು ಹಾಕಿಕೊಂಡು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು. ಎಂದಿನಂತೆ ದೊಡ್ಡ ಪಾತ್ರೆಯಲ್ಲಿ ನೀರಿಟ್ಟಳು. ನೀರು ಕಾಯದಿದ್ದರೆ ಅವನಿಗೆ ಅನುಮಾನ ಬರುತ್ತಿತ್ತು. ತನ್ನ ಹಾಸಿಗೆಯ ಮೇಲೆ ದಿಂಬುಗಳನ್ನು ಉದ್ದಕ್ಕೆ ಜೋಡಿಸಿ ಹೊದಿಕೆ ಮುಚ್ಚಿ ಬಂದಿದ್ದಳು. ಮೈನಾ, ಬಟನ್ ಆ ಕೋಣೆಯ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದರು.

ವ್ಯಾನು ಹೋದ ಸದ್ದಾಯಿತು. ಮೆಟ್ಟಿಲ ಮೇಲೆ ಹೆಜ್ಜೆ. ಅಕ್ಕನ ಬಾಗಿಲಲ್ಲಿ ಒಂದು ಗಳಿಗೆ ನಿಂತಿತು. ಮತ್ತೆ ಈ ಕಡೆ ಬಂತು.

"ಟೀ ಎಲ್ಲೇ?" ಎನ್ನುತ್ತ ಒಳಗೆ ಬಂದವನು ಕಾಲು ಕಿತ್ತಿಡದೆ ನಿಂತ. ಅವನ ಬಲತೋಳು ಆಗಲೇ ಅರ್ಧ ಮಡಚಿತ್ತು.

"ಕೂತ್ಕೋ, ಕೊಡ್ತೀನಿ," ಎಂದಳು ಅಕ್ಕ.

"ನೀನು... ಹೇಗೆ ಎದ್ದೆ?"

"ಕಾಲಿನ ಮೇಲೆ."

ಅವನು ಕುರ್ಚಿ ಎಳೆದು ಕೂತ. ಅವನ ಕೈ ತಾನಾಗಿ ತೋಳನ್ನು ಬಿಚ್ಚತೊಡಗಿತು. ಅಕ್ಕ ಅದನ್ನೇ ನೋಡಿದಳು. ಅಷ್ಟು ಸುಲಭ. ಹುಡುಗಿ ಹೇಳಿದ್ದು ಅಕ್ಷರಶಃ ನಿಜ.

"ಅವಳೆಲ್ಲಿ?"

"ಬಟನ್ ಪಕ್ಕ ಮಲಗಿದ್ದಾಳೆ. ಕೈ ನೋವಂತೆ, ರಾತ್ರಿಯೆಲ್ಲ ಅತ್ತಿದೆ ಮಗು. ಸಕ್ಕರೆ ಎಷ್ಟು ಹಾಕ್ಲಿ?"

"ನಿನಗೆ ಗೊತ್ತಿಲ್ವಾ?"

"ಮೊದಲಿನ ನಿನ್ನದು ಗೊತ್ತಿತ್ತು. ಈಗಿನದು ಗೊತ್ತಿಲ್ಲ."

ಅವನು ತಲೆ ತಗ್ಗಿಸಿದ. ಬಾಗಿಲಾಚೆ ಎರಡು ನೆರಳು ಮೆಟ್ಟಿಲ ಕಡೆ ಸರಿದವು. ಅಕ್ಕ ಬೇಕೆಂದೇ ಚಮಚವನ್ನು ಲೋಟಕ್ಕೆ ಬಡಿಯುತ್ತ ಕಲಕಿದಳು. ಕಲಕಿ ಮುಗಿಯುವ ಮುಂಚೆ ಕೆಳಗಿನಿಂದ ಶಟರಿನ ತಗಡು ಧಡ್ ಎಂದಿತು. ಬಗ್ಗಿ ನುಸುಳುವಾಗ ಹುಡುಗಿಯ ಬೆನ್ನ ಮೇಲಿನ ಚೀಲ ತಾಗಿರಬೇಕು.

ಅವನು ತಟ್ಟನೆ ಎದ್ದ. ಅಕ್ಕ ಅಷ್ಟರಲ್ಲಿ ಬಾಗಿಲಲ್ಲಿದ್ದಳು, ಎರಡೂ ಕೈಯಿಂದ ಚೌಕಟ್ಟು ಹಿಡಿದು.

"ಯಾರದು ಕೆಳಗೆ?"

"ಕೂತ್ಕೋ."

"ದಾರಿ ಬಿಡಕ್ಕ."

"ಬಿಡಲ್ಲ."

"ನಿನ್ನ ಮೇಲೆ ಕೈ ಮಾಡೋ ಹಾಗೆ ಮಾಡಬೇಡ."

"ಮಾಡೋ! ಅದೊಂದು ಯಾಕೆ ಬಾಕಿ? ಹಾಲು ಕುಡಿಸಿದ ಕೈಗೆ ನೀನು ಕೊಡೋದು ಅದೊಂದೇ ಉಳಿದಿರೋದು!"

ಅವನು ಕೈ ಮಾಡಲಿಲ್ಲ. ಕೆಳಗೆ ನೋಡಿದ. ಅವಳ ಕಾಲಿನಲ್ಲಿ ಎಲ್ಲಿ ನೋವಿದೆ, ಯಾವುದರಲ್ಲಿ ಹೆಚ್ಚಿದೆ, ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೂಟುಗಾಲೆತ್ತಿ, ಕತ್ತರಿಸಿದ ಬೂಟಿನಿಂದ ಹೊರಗೆ ಇಣುಕುತ್ತಿದ್ದ ಎಡಗಾಲ ಬೆರಳುಗಳ ಮೇಲೆ ಹಿಮ್ಮಡಿಯಿಂದ ತುಳಿದ.

ಅಕ್ಕನ ಬಾಯಿಂದ ಹೊರಟದ್ದು ಮನುಷ್ಯರ ದನಿಯಾಗಿರಲಿಲ್ಲ. ಕೈ ಮಾತ್ರ ಚೌಕಟ್ಟು ಬಿಡಲಿಲ್ಲ. ಅವನು ಮತ್ತೆ ತುಳಿದ. ಒಳಗೆ ಏನೋ ಲಟಕ್ಕೆಂದದ್ದು ಇಬ್ಬರಿಗೂ ಕೇಳಿಸಿತು. ಮೂರನೆಯ ಸಲಕ್ಕೆ ಬಲಗಾಲು. ಅವಳು ಕುಸಿದಳು. ಕುಸಿಯುತ್ತ ಅವನ ಮೊಣಕಾಲನ್ನು ತಬ್ಬಿಕೊಂಡಳು. ಅವನು ಅವಳನ್ನು ಒದ್ದು ಬಿಡಿಸಿಕೊಂಡು, ದಾಟಿ, ಮೆಟ್ಟಿಲ ತಲೆಯವರೆಗೆ ಹೋದ. ಹೋಗಿ ನಿಂತ. ಅಲ್ಲಿ ಮೈನಾ ನಿಂತಿದ್ದಳು.

ಬೀದಿಯ ತುದಿ ಸೇರಬೇಕಿದ್ದವಳು ಅತ್ತಿಗೆಯ ಕೂಗು ಕೇಳಿ ತಿರುಗಿ ಮೆಟ್ಟಿಲು ಹತ್ತಿ ಬಂದಿದ್ದಳು.

"ಅತ್ತಿಗೆ! ಕಾಲು!" ಎಂದಳು. ಅವಳು ಅವನನ್ನು ನೋಡಲೇ ಇಲ್ಲ.

ಅವನು ಅವಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ತಲೆಯನ್ನು ಗೋಡೆಗೆ ಬಡಿದ. ಅಂದು ಅಕ್ಕ ಗೋಡೆಯ ಈ ಕಡೆಯಿಂದ ಕೇಳಿ, ತಡೆಯಲಾಗದೆ ಎದ್ದು ಬಿದ್ದಿದ್ದ ಸದ್ದು ಅದೇ. ಈಗ ಕಣ್ಣಾರೆ ಕಂಡಳು. "ಎಲ್ಲಿಗೆ ಹೊರಟಿದ್ದೆ? ಹಾಂ? ಯಾರನ್ನ ಕೇಳಿ?" ಎನ್ನುತ್ತ ಮತ್ತೆ ಬಡಿದ. ಗೋಡೆಯ ಮೇಲೆ ಕೆಂಪು ಕಲೆ ಬಿತ್ತು. ಅವಳ ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು.

ಅಕ್ಕ ಒಲೆಯ ಕಟ್ಟೆ ಹಿಡಿದು ಎದ್ದಳು. ಹೇಗೆ ಎದ್ದಳೆಂದು ಆಮೇಲೆ ಎಲ್ಲರೂ ಕೇಳಿದರು, ಅವಳಿಗೇ ಗೊತ್ತಿರಲಿಲ್ಲ. ಕುದಿಯುತ್ತಿದ್ದ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿದಳು. ಮುರಿದ ಕಾಲಿನ ಮೇಲೆ ಆ ನಾಲ್ಕು ಮಾರು ದೂರವನ್ನು ನಡೆದಳು. ಪ್ರತಿ ಹೆಜ್ಜೆಗೂ ಕಣ್ಣು ಕತ್ತಲು ಕಟ್ಟಿತು. ಪಾತ್ರೆಯನ್ನು ಅವನ ಮುಖದ ಮಟ್ಟಕ್ಕೆ ಎತ್ತಿದವಳು, ಸದ್ದು ಕೇಳಿ ಆ ಮುಖ ಇತ್ತ ತಿರುಗಿದ್ದೇ, ಕೈ ಇಳಿಸಿಬಿಟ್ಟಳು. ನೀರೆಲ್ಲ ಅವನ ಮೊಣಕಾಲಿನಿಂದ ಕೆಳಕ್ಕೆ ಸುರಿಯಿತು. ಬೂಟಿನೊಳಗೆ ಇಳಿಯಿತು.

ಅವನು ಜಡೆ ಬಿಟ್ಟು ನೆಲಕ್ಕೆ ಬಿದ್ದು ಹೊರಳಾಡಿದ. ಬೂಟು ಕೀಳಲು ಹೋದ, ಬೂಟಿನ ಜೊತೆ ಚರ್ಮ ಬಂತು. ಕಿರುಚಿದ.

ಮೈನಾ ಅವನನ್ನು ದಾಟಿ ಬಂದು ಅತ್ತಿಗೆಯನ್ನು ಹಿಡಿದುಕೊಂಡಳು. ಅವಳ ಕಿವಿಯಿಂದ ಕತ್ತಿಗೆ ರಕ್ತ ಇಳಿಯುತ್ತಿತ್ತು. "ಕೂತ್ಕೊಳ್ಳಿ, ಕಾಲು ಕೊಡಿ, ಎಲ್ಲಿ, ಚಿಕ್ಕದು ಕೊಡಿ ಮೊದಲು..."

"ಮುಟ್ಟಬೇಡ!" ಎಂದು ಅಕ್ಕ ಗದರಿದಳು. "ಬಟನ್ ಎಲ್ಲಿ?"

"ಕೆಳಗೆ, ಬೀದೀಲಿ."

"ಮಗೂನ ಬೀದೀಲಿ ಬಿಟ್ಟು ಬಂದ್ಯಾ? ನಡಿ. ಹೋಗು!"

"ಈ ಕಾಲು ಬಿಟ್ಟು ಹೇಗೆ ಹೋಗ್ಲಿ?"

"ಯಾವ ಕಾಲು? ನಿನ್ನ ಕಾಲಾ ಇದು? ಎರಡು ಬೆರಳು ಒತ್ತಿ ಕೊಟ್ಟು ಮಹಾ ಉಪಕಾರ ಮಾಡಿದ ಹಾಗೆ! ಇನ್ನೊಂದು ಸಲ ಮುಟ್ಟಿದ್ರೆ ನಿನ್ನ ಮೇಲೂ ಸುರೀತೀನಿ. ನಿನ್ನ ಕೈ ಕಂಡ್ರೆ ಆಗಲ್ಲ ನಂಗೆ. ಮೊದಲಿಂದಲೂ ಆಗಲ್ಲ."

ಮೈನಾ ಅವಳ ಮುಖವನ್ನೇ ನೋಡಿದಳು. "ಸುಳ್ಳು," ಎಂದಳು.

"ಸುಳ್ಳೇ," ಎಂದಳು ಅಕ್ಕ. ಅವಳ ದನಿ ಒಡೆಯಿತು. "ಹೋಗೇ ತಾಯಿ. ಅವನು ಎದ್ದು ನಿಂತ್ರೆ ಇನ್ನೊಂದು ಸಲ ತಡಿಯೋಕೆ ನನ್ನ ಹತ್ರ ಏನೂ ಇಲ್ಲ."

ಮೈನಾ ಹೋದಳು. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಅರ್ಧದಲ್ಲಿ ಒಮ್ಮೆ ನಿಂತಿತು. ಅಕ್ಕ ಹಲ್ಲು ಕಚ್ಚಿ, ತುಟಿ ಕಚ್ಚಿ, ಗಂಟಲಿಗೆ ಬಂದ ನರಳಿಕೆಯನ್ನು ನುಂಗಿದಳು. ಹೆಜ್ಜೆ ಮತ್ತೆ ಇಳಿಯಿತು.

ತಮ್ಮ ನೆಲದ ಮೇಲೆ "ಅಕ್ಕಾ, ಅಕ್ಕಾ" ಎಂದು ಅಳುತ್ತಿದ್ದ. ಚಿಕ್ಕವನಿದ್ದಾಗ ಬಿದ್ದು ಮೊಣಕಾಲು ತರಚಿಕೊಂಡರೆ ಅಳುತ್ತಿದ್ದ ಹಾಗೇ. ಅಕ್ಕ ತೆವಳಿಕೊಂಡು ಹೋಗಿ ತಣ್ಣೀರಿನ ಬಕೆಟ್ಟನ್ನು ಎಳೆದು ತಂದಳು. ಅವನ ಕಾಲಿನ ಮೇಲೆ ಚೊಂಬು ಚೊಂಬಾಗಿ ನೀರು ಹಾಕಿದಳು.

"ಉರಿಯುತ್ತೆ ಅಕ್ಕ. ನೆಲಕ್ಕೆ ಇಡೋಕೆ ಆಗ್ತಿಲ್ಲ."

"ಹೌದು," ಎಂದಳು. "ಆಗಲ್ಲ."

ಬಕೆಟ್ಟು ಬರಿದಾಗುವವರೆಗೂ ಹಾಕಿದಳು.

ಕೆಲಸಕ್ಕೆ ಬಂದ ನೊರೆಯಮ್ಮ ಮೇಲೆ ಹತ್ತಿ ಬಂದು, ಕೂಗಿಕೊಂಡು, ಕೆಳಗೆ ಓಡಿ ಬೀದಿಯವರನ್ನೆಲ್ಲ ಕರೆದಳು. ಆಂಬುಲೆನ್ಸಿನವರು ಬಂದರು, ಅವರ ಹಿಂದೆ ಒಬ್ಬ ಪೊಲೀಸೂ ಬಂದ. ಸ್ಟ್ರೆಚರಿನ ಮೇಲಿಂದ ತಮ್ಮನೇ ಮೊದಲು ಬಾಯಿ ತೆರೆದ. ಪಾಪ, ಅಕ್ಕನಿಗೆ ಕಾಲು ಸರಿಯಿಲ್ಲ, ನೀರು ಎತ್ತಿಕೊಂಡು ಬರುವಾಗ ಎಡವಿ ಚೆಲ್ಲಿತು, ಮನೆಯ ವಿಷಯ, ಬಿಟ್ಟುಬಿಡಿ ಅಂದ. ಹೇಳುತ್ತ ಅಕ್ಕನ ಕಡೆ ನೋಡಿದ. ಆ ನೋಟದ ಅರ್ಥ ಅವಳಿಗೆ ತಿಳಿಯದ್ದೇನಲ್ಲ. ಇಷ್ಟು ವರ್ಷ ಪಾತ್ರೆ ಬಿತ್ತು ಅಂದರೆ ಹೂಂ ಅಂದಿದ್ದಳು.

"ಎಡವಲಿಲ್ಲ," ಎಂದಳು ಅಕ್ಕ. "ನಾನೇ ಸುರಿದೆ."

ಪೊಲೀಸಿನವನು ಪೆನ್ನು ಎತ್ತಿದ. "ಬೇಕಂತಲೇನಾ?"

"ಬೇಕಂತಲೇ. ಅವನ ಹೆಂಡತಿಗೂ ಇದಕ್ಕೂ ಸಂಬಂಧ ಇಲ್ಲ, ಅದನ್ನ ಮೊದಲು ಬರ್ಕೊಳ್ಳಿ. ಆಮೇಲೆ ಯಾಕೆ ಸುರಿದೆ ಅನ್ನೋದನ್ನೂ ಬರ್ಕೊಳ್ಳಿ. ಗೋಡೆ ನೋಡಿ. ಮಗು ಕೈ ಮುರಿದಾಗ ತೋರಿಸಿದ ಆಸ್ಪತ್ರೆ ಇಲ್ಲೇ ಹತ್ರ ಇದೆ. ಇದು ಉದ್ದ ಇದೆಯಪ್ಪ, ನಿಂತು ಬರೆಯೋಕೆ ಆಗಲ್ಲ. ಆ ಕುರ್ಚಿ ಎಳ್ಕೋ."

ತಮ್ಮ ಮುಖ ಆ ಕಡೆ ತಿರುಗಿಸಿಕೊಂಡ. ಅವನನ್ನು ಕೆಳಗಿಳಿಸಿದರು. ಇನ್ನು ಅವನು ಆಸ್ಪತ್ರೆಯಿಂದ ಎಲ್ಲಿಗೆ ಹೋಗುತ್ತಾನೆ ಎನ್ನುವುದು ಪೊಲೀಸಿನವರ ಕೈಯಲ್ಲಿತ್ತು. ತನ್ನನ್ನೂ ಕರೆಯುತ್ತಾರೆಂದು ಅಕ್ಕನಿಗೆ ಗೊತ್ತಿತ್ತು. ಕರೆಯಲಿ, ಎತ್ತಿಕೊಂಡು ಹೋಗುವವರು ಸಿಕ್ಕ ಹಾಗಾಯಿತು ಎಂದುಕೊಂಡಳು.

ಮಾರನೆಯ ದಿನ ಫೋನು ಬಂತು. ನೊರೆಯಮ್ಮ ಒದ್ದೆ ಕೈ ಒರೆಸಿಕೊಂಡು ತನ್ನ ಫೋನನ್ನು ಯಜಮಾನಿಯ ಕಿವಿಗೆ ಹಿಡಿದಳು. ಆಸ್ಪತ್ರೆಯಿಂದ ಮನೆಗೆ ಬಂದು ಮಲಗಿದ್ದ ಅಕ್ಕನ ಎರಡೂ ಕೈಗೆ ಬಟ್ಟೆ ಸುತ್ತಿತ್ತು, ಎಡಗಾಲಿಗೆ ಮೊಣಕಾಲಿನವರೆಗೆ ಪ್ಲಾಸ್ಟರು. ಹೊದಿಕೆಯಡಿಯ ಬಲಗಾಲಿಗೆ ಏನೂ ಕಟ್ಟಿರಲಿಲ್ಲ. ಅದು ಕಾಲಿನ ಆಕಾರದಲ್ಲೇ ಇರಲಿಲ್ಲ. ನೇರಳೆ ಬಣ್ಣಕ್ಕೆ ತಿರುಗಿ, ಬೆರಳೆಲ್ಲಿ ಪಾದವೆಲ್ಲಿ ತಿಳಿಯದ ಹಾಗೆ ಒಂದೇ ಮುದ್ದೆಯಾಗಿತ್ತು.

"ತಲುಪಿದ್ವಿ ಅತ್ತಿಗೆ," ಎಂದಳು ಮೈನಾ ಆ ಕಡೆಯಿಂದ. "ಅಕ್ಕ ಇಲ್ಲೇ ಇರು ಅಂತಿದ್ದಾಳೆ. ತಲೆಗೆ ಹೊಲಿಗೆ ಹಾಕಿದ್ರು, ಏನಿಲ್ಲ, ಚೂರೇ ಚೂರು. ಬಟನ್ ಊಟ ಮಾಡ್ತು." ದನಿ ತಗ್ಗಿಸಿದಳು. "ಕಾಲು ಹೇಗಿದೆ? ನಿಜ ಹೇಳಿ. ಒಂದೇ ಒಂದು ಮಾತು ಹೇಳಿ, ನಾಳೆ ಬಸ್ಸಿಗೆ ಬರ್ತೀನಿ. ಅವರಿಲ್ವಲ್ಲ ಈಗ."

"ಈಗಿಲ್ಲ. ಅವನನ್ನ ಎಷ್ಟು ದಿನ ಇಟ್ಕೋತಾರೋ ಯಾರಿಗೆ ಗೊತ್ತು? ಬರೋಕೇನೂ ಇಲ್ಲ ಇಲ್ಲಿ," ಎಂದಳು ಅಕ್ಕ. "ಕಾಲು ಚೆನ್ನಾಗೇ ಇದೆ."

"ಲಟಕ್ ಅಂದಿದ್ದು ಕೆಳಗಿನವರೆಗೂ ಕೇಳಿಸ್ತು ನನಗೆ."

"ಅದು ಬೂಟು. ಹಳೇ ಬೂಟು, ಅಡಿ ಕಿತ್ತು ಹೋಯ್ತು. ಡಾಕ್ಟ್ರು ಹೊಸ ಮಾತ್ರೆ ಕೊಟ್ಟಿದ್ದಾರೆ, ಊತ ಅರ್ಧಕ್ಕರ್ಧ ಇಳಿದಿದೆ. ಬೆಳಿಗ್ಗೆ ನಾನೇ ಎದ್ದೆ. ಈಗ ತಾನೇ ಕೆಳಗೆ ಹೋಗಿ ನಾಲ್ಕು ಶರ್ಟು ಇಸ್ತ್ರಿ ಮಾಡಿ ಬಂದೆ, ಗೊತ್ತಾ?"

ನೊರೆಯಮ್ಮನ ಹುಬ್ಬು ಮೇಲೇರಿತು. ಬಾಯಿ ತೆರೆದಳು. ಅಕ್ಕ ಕಣ್ಣಲ್ಲೇ ಅವಳನ್ನು ಸುಟ್ಟಳು, ಅವಳು ಬಾಯಿ ಮುಚ್ಚಿಕೊಂಡಳು.

"ನೀವೇ ಎದ್ರಾ? ನಿಜವಾಗ್ಲೂ?"

"ನಿಜವಾಗ್ಲೂ."

"ದೊಡ್ಡ ಸಾಹೇಬ್ರ ಆಣೆಗೂ?"

"ಇಬ್ಬರ ಆಣೆಗೂ. ಫೋನಿಡು, ನೊರೆಯಮ್ಮಂದು ಕರೆನ್ಸಿ ಸುಮ್ನೆ ಖರ್ಚಾಗ್ತಿದೆ."

"ಕರೆನ್ಸಿ ನಂದು ಅತ್ತಿಗೆ, ಫೋನ್ ಮಾಡಿದ್ದು ನಾನು," ಎಂದು ಮೈನಾ ನಕ್ಕಳು. ನಗುತ್ತಲೇ ಅತ್ತಳು. ಆಮೇಲೆ, ಬಹಳ ದಿನದ ಮೇಲೆ, ಮೊದಲಿನ ಹಾಗೆ ಮಾತಾಡತೊಡಗಿದಳು. ಬಸ್ಸಿನಲ್ಲಿ ಪಕ್ಕದವಳು ಹೇಳಿದ್ದು, ತನ್ನ ಅಕ್ಕನ ಮನೆಯ ಹಿಂದಿನ ಬಾಡಿಗೆ ಕೋಣೆ, ಬಟನ್‌ಳನ್ನು ಅಲ್ಲಿಯ ಶಾಲೆಯಲ್ಲಿ ಸೇರಿಸಿಕೊಳ್ಳುತ್ತಾರಂತೆ ಎನ್ನುವುದು. ಅವಳ ದನಿ ಫೋನಿನಿಂದ ಆಚೆಗೂ ಕೇಳಿಸುತ್ತಿತ್ತು. ಅಕ್ಕ ಕಣ್ಣು ಮುಚ್ಚಿ ಕೇಳಿದಳು. ಬಲಗಾಲಿನಲ್ಲಿ ಒಂದೇ ಸಮನೆ ಕೊಡಲಿ ಏಟು ಬೀಳುತ್ತಿತ್ತು. ಹೂಂ, ಹೂಂ ಎಂದಳು. ನಡುವೆ ಒಂದು ಹೂಂ ನರಳಿಕೆಯ ಹಾಗೆ ಬಂತು, ಕೆಮ್ಮಿ ಮುಚ್ಚಿಕೊಂಡಳು.

ಫೋನು ಇಟ್ಟ ಮೇಲೆ ನೊರೆಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಾಲ್ಕು ಶರ್ಟಾ, ಯಜಮಾನಿ?"

"ಐದು ಅನ್ನಬೇಕಿತ್ತಾ?" ಎಂದಳು ಅಕ್ಕ. "ಏನು ನೋಡ್ತಾ ನಿಂತೆ? ಹೊದಿಕೆ ತೆಗಿ ಕಾಲಿಂದ, ಬಂಡೆ ಹೊತ್ತ ಹಾಗಾಗ್ತಿದೆ. ಮೆಲ್ಲಗೆ. ಮೆಲ್ಲಗೆ ಅಂದೆ ಕಣೇ!"